ಅಟ್ಟ ಇಳಿಸುವ ಕಾಲ

ದೀಪಾವಳಿಗೆ ಇನ್ನು ಎಂಟು-ಹತ್ತು ದಿನಗಳಿವೆ ಎನ್ನುವಾಗ ಹೊನ್ನಾವರದಿಂದ ಶರಾವತಿಯ ದಂಡೆಗುಂಟ ಗೇರುಸೊಪ್ಪದ ಕಡೆಗೆ ಹೋದರೆ, ಮನೆಗಳ ಅಂಗಳದಲ್ಲಿ ಒಂದು ವಿಚಿತ್ರ ಸಂತೆ ಕಾಣಿಸುತ್ತದೆ. ಜಗಲಿಯ ಮೇಲೆ ಒಂದು ಕಾಲು ಮುರಿದ ಮಂಚ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ತಳ ಹೋದ ತಾಮ್ರದ ಹಂಡೆ, ಹಳೆಯ ಗೊರಬು, ತೊಟ್ಟಿಲ ಸರಪಳಿ, ಇಲಿ ಕಡಿದ ಚಾಪೆ, ಬಿಸಿಲಿಗೆ ಹರವಿದ ಹಾಸಿಗೆ, ಎಂದೋ ಮದುವೆಯಾಗಿ ಹೋದ ಮಗಳ ಶಾಲೆಯ ಪಟ್ಟಿ. ಮನೆಯೊಳಗೆ ಏಣಿಯ ಮೇಲೆ ನಿಂತವರ ಧ್ವನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ. ಅಟ್ಟ ಇಳಿಸುವ ಕೆಲಸ ನಡೆದಿದೆ. ಸಂಜೆಯ ಹೊತ್ತಿಗೆ ಈ ಸಂತೆಯ ಮುಕ್ಕಾಲು ಪಾಲು ಮತ್ತೆ ಅಟ್ಟವನ್ನೇ ಏರಿರುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ.

ಮನೆ ಚೊಕ್ಕಟವಾಗಿಡುವುದು, ಬೇಡದ್ದನ್ನು ಹೊರಹಾಕುವುದು ಈಗ ಜಗತ್ತಿನ ಪುಸ್ತಕದಂಗಡಿಗಳಲ್ಲಿ ದೊಡ್ಡ ವಿಷಯ. ಜಪಾನಿನ ಮಾರಿ ಕೊಂಡೊ ಎಂಬಾಕೆ ಇದನ್ನೇ ಬರೆದು ಲೋಕಪ್ರಸಿದ್ಧರಾದರು. ಸ್ವೀಡನ್ನಿನ ಮಾರ್ಗರೇಟಾ ಮ್ಯಾಗ್ನುಸನ್ ಎಂಬ ವೃದ್ಧೆ, ಸಾಯುವ ಮೊದಲೇ ತಮ್ಮ ವಸ್ತುಗಳನ್ನು ತಾವೇ ವಿಲೇವಾರಿ ಮಾಡುವ ತಮ್ಮ ನಾಡಿನ ಪದ್ಧತಿಯ ಕುರಿತು 2017ರಲ್ಲಿ ಪುಸ್ತಕ ಬರೆದರು. ಆದರೆ ಮನೆ ತುಂಬಿಕೊಳ್ಳುವುದು ಹೊಸ ರೋಗವೇನಲ್ಲ. ಅದಕ್ಕೆ ಮದ್ದು ಕಂಡುಕೊಂಡದ್ದೂ ಹೊಸತಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಈ ಮದ್ದು ನೆಲದಲ್ಲೇ ಇತ್ತು. ಆ ನೆಲದ ಬಗ್ಗೆ ನಾಲ್ಕು ನೂರು ವರ್ಷಗಳ ಹಿಂದಿನ ಒಂದು ಸಾಕ್ಷ್ಯವೂ ಇದೆ. ಅದು ದೊರೆತಿರುವುದು ಇದೇ ಗೇರುಸೊಪ್ಪದ ದಾರಿಯಲ್ಲಿ.

1623ರ ಅಕ್ಟೋಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದ. ಅಲ್ಲಿಂದ ದೋಣಿಯಲ್ಲಿ ಹೊಳೆಯ ಮೇಲಕ್ಕೆ ಗೇರುಸೊಪ್ಪ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಕೆಳದಿಯವರ ವಶವಾಗಿ ಆಗ ಬಹಳ ವರ್ಷಗಳೇನೂ ಆಗಿರಲಿಲ್ಲ. ಆದರೂ ಅವನು ಕಂಡದ್ದು ಹಾಳುಬಿದ್ದ ಅರಮನೆ, ಮರಗಿಡ ಬೆಳೆದ ಬೀದಿ, ಅಲ್ಲೊಂದು ಇಲ್ಲೊಂದು ಗುಡಿಸಲು. ಇತಿಹಾಸಕಾರರು ಅವನ ಪತ್ರಗಳನ್ನು ತಿರುವಿಹಾಕುವುದು ಸಾಮಾನ್ಯವಾಗಿ ಈ ವರ್ಣನೆಗಾಗಿ.

ಅದೇ ಪ್ರವಾಸದ ಪತ್ರದಲ್ಲಿ ಅವನು ಇನ್ನೊಂದು ವಿಷಯಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದಾನೆ: ಸಗಣಿ ಸಾರಿಸಿದ ನೆಲ. ಮೊದಲು ಇದೊಂದು ಮೂಢನಂಬಿಕೆಯ ಆಚಾರವೆಂದು ಅವನು ಭಾವಿಸಿದ್ದ. ಕಣ್ಣಾರೆ ಕಂಡ ಮೇಲೆ ಅಭಿಪ್ರಾಯ ಬದಲಾಯಿತು. ಇದು ಚೊಕ್ಕಟತನಕ್ಕಾಗಿ, ಅಂದಕ್ಕಾಗಿ ಮಾಡುವ ಕೆಲಸವೇ ಹೊರತು ಬೇರೇನಲ್ಲ ಎಂದು ಬರೆದ. ಗೋವೆಯ ಪೋರ್ಚುಗೀಸರೂ ತಮ್ಮ ಮನೆಗಳಲ್ಲಿ ಇದನ್ನೇ ಮಾಡುತ್ತಾರೆಂದು ಸಾಕ್ಷಿ ಕೊಟ್ಟ. ಇಟಲಿಗೆ ಮರಳಿದ ಮೇಲೆ ತಾನೂ ಇದನ್ನು ಪ್ರಯೋಗಿಸಿ ನೋಡುತ್ತೇನೆ, ಇಂಥ ನೆಲದ ಮನೆಗೆ ಪ್ಲೇಗು ಸುಲಭವಾಗಿ ತಗಲುವುದಿಲ್ಲವೆಂದು ಹೇಳುತ್ತಾರೆ ಎಂದೂ ಸೇರಿಸಿದ. ಪ್ಲೇಗಿನ ಮಾತು ಬಿಡೋಣ. ಅದು ಆ ಕಾಲದ ನಂಬಿಕೆ. ಅವನು ಗುರುತಿಸಿದ ಒಂದು ದೋಷ ಮಾತ್ರ ಮುಖ್ಯವಾದದ್ದು. ಈ ನೆಲ ಬಾಳುವುದಿಲ್ಲ, ಅಂದವಾಗಿರಬೇಕಾದರೆ ಎಂಟು-ಹತ್ತು ದಿನಗಳಿಗೊಮ್ಮೆ ಹೊಸದಾಗಿ ಸಾರಿಸಲೇಬೇಕು ಎಂದ. ಖರ್ಚಿಲ್ಲದ, ಬಡವರೂ ಮಾಡಬಹುದಾದ ಕೆಲಸವಾದ್ದರಿಂದ ಅದೇನೂ ದೊಡ್ಡ ತೊಂದರೆಯಲ್ಲ ಎಂದೂ ಹೇಳಿದ. ಸಾರಿಸುವವರು ಯಾರು, ಅವರ ಸೊಂಟದ ಗತಿ ಏನು ಎಂಬುದು ಪ್ರವಾಸಿಗೆ ಹೊಳೆಯಲಿಲ್ಲ.

ದೆಲ್ಲಾ ವಾಲ್ಲೆ ದೋಷವೆಂದದ್ದೇ ಮನೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಗುಣ. ಎಂಟು ದಿನಕ್ಕೊಮ್ಮೆ ಸಾರಿಸಬೇಕಾದ ನೆಲದ ಮೇಲೆ ಸಾಮಾನು ಇಡಲು ಬರುವುದಿಲ್ಲ. ಸಗಣಿಯನ್ನು ನೀರಿನಲ್ಲಿ ಕದಡಿ, ಅಡಿಕೆ ಹಾಳೆಯ ತುಂಡಿನಿಂದ ಅರ್ಧಚಂದ್ರಾಕಾರವಾಗಿ ಬಳಿಯುತ್ತ ಹಿಂದಕ್ಕೆ ಸರಿಯುವವರಿಗೆ ದಾರಿ ಖಾಲಿ ಇರಬೇಕು. ಹಾಗಾಗಿ ಮನೆಯ ವಸ್ತುಗಳೆಲ್ಲ ಗೋಡೆಗೂ ಮಾಡಿಗೂ ಹೋದವು. ಮಣೆಗಳು ಗೋಡೆಗೆ ಒರಗಿದವು, ಚಾಪೆ ಸುರುಳಿಯಾಗಿ ಮೂಲೆ ಸೇರಿತು, ಬಟ್ಟೆ ಗಿಳಿಗೂಟಕ್ಕೆ ತೂಗಿತು, ಹಾಲು-ಮೊಸರು ನೆಲುವಿಗೆ, ಡಬ್ಬಿಗಳು ನಾಗಂದಿಗೆಗೆ. ಒಲೆಯ ನೇರಕ್ಕೆ ಹೊಗೆ ಅಟ್ಟ. ಅಲ್ಲಿ ಹೊಗೆಯ ಕಾವಿನಲ್ಲಿ ಬೀಜದ ಸೌತೆ, ಬೆತ್ತದ ಬುಟ್ಟಿ, ಮಳೆಗಾಲಕ್ಕೆ ಬೇಕಾದ ಒಣ ಸಾಮಾನು. ಹುಳ ಬೀಳುತ್ತಿರಲಿಲ್ಲ, ಬೂಸಲು ಹಿಡಿಯುತ್ತಿರಲಿಲ್ಲ. ಹೊಳಪಿಗೆಂದು ಸಗಣಿಗೆ ಇದ್ದಿಲ ಪುಡಿ ಬೆರೆಸುತ್ತಿದ್ದರು. ಟಾರ್ಚು ಬಂದ ಮೇಲೆ ಮುಗಿದುಹೋದ ಸೆಲ್ಲನ್ನು ಒಡೆದು ಅದರೊಳಗಿನ ಕಪ್ಪು ಪುಡಿಯನ್ನು ಬೆರೆಸಿದವರೂ ಇದ್ದರು. ಅದು ಒಳ್ಳೆಯದಲ್ಲ ಎಂದು ಈಗ ತಿಳಿದಿದೆ. ಆದರೆ ಆ ಮನೆಗಳಲ್ಲಿ ಯಾವುದೂ ಕಸವಾಗಿ ಉಳಿಯುತ್ತಿರಲಿಲ್ಲ ಎಂಬುದಕ್ಕೆ ಅದೂ ಒಂದು ನಿದರ್ಶನ.

ಇನ್ನೊಂದು ಶಿಸ್ತನ್ನು ಕಲಿಸಿದ್ದು ಮಳೆ. ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಈ ನಾಲ್ಕು ತಿಂಗಳು ಮನೆಯೊಳಗೆ ಒಂದು ಚದರಡಿ ಜಾಗವೂ ಬೆಲೆಬಾಳುತ್ತದೆ. ಕಟ್ಟಿಗೆ ಒಳಗೆ ಬರಬೇಕು, ಒದ್ದೆ ಬಟ್ಟೆ ಒಳಗೇ ಒಣಗಬೇಕು, ಅಕ್ಕಿಮುಡಿ, ತೆಂಗಿನಕಾಯಿ, ಹಪ್ಪಳ-ಸಂಡಿಗೆ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಎಲ್ಲಕ್ಕೂ ಮಾಡಿನಡಿ ಸ್ಥಳವಾಗಬೇಕು. ಆದ್ದರಿಂದ ಮೇ ತಿಂಗಳಲ್ಲಿ ಒಂದು ಸಲ ಮನೆ ಬರಿದಾಗುತ್ತಿತ್ತು: ಹೆಂಚು ಕೈಯಾಡಿಸುವುದು, ಜಗಲಿಗೆ ಮಡಲಿನ ತಟ್ಟಿ ಕಟ್ಟುವುದು, ಅಟ್ಟದಲ್ಲಿ ಜಾಗ ಮಾಡುವುದು. ಮಳೆ ಹಿಂದೆಗೆದ ಮೇಲೆ, ನವರಾತ್ರಿಯಿಂದ ದೀಪಾವಳಿಯೊಳಗೆ, ಎರಡನೆಯ ಸಲ. ಈ ಎರಡನೆಯದೇ ದೊಡ್ಡದು. ನಾಲ್ಕು ತಿಂಗಳ ಬೂಸಲು, ಗೆದ್ದಲು, ಇಲ್ಲಣ ಎಲ್ಲವನ್ನೂ ತೆಗೆಯಬೇಕು. ಅಂಗಳದ ಹುಲ್ಲು ಕೆತ್ತಿ, ಮಣ್ಣು ಬಡಿದು ಸಮಮಾಡಿ ಸಗಣಿ ಬಳಿಯಬೇಕು, ಏಕೆಂದರೆ ಮುಂದೆ ಅದರ ಮೇಲೆ ಅಡಿಕೆ ಒಣಗಬೇಕು, ಭತ್ತ ಬೀಳಬೇಕು. ಹಬ್ಬಕ್ಕೆಂದು ಮನೆ ಗುಡಿಸುತ್ತಾರೆ ಎನ್ನುವುದಕ್ಕಿಂತ, ಮನೆ ಗುಡಿಸಲೇಬೇಕಾದ ಕಾಲಕ್ಕೆ ಸರಿಯಾಗಿ ಹಬ್ಬ ಬಂದು ಕೂತಿದೆ ಎನ್ನುವುದು ಸರಿಯಾದೀತು. ಭಟ್ಕಳದ ನವಾಯತರ ಮನೆಗಳಲ್ಲಿ ರಂಜಾನಿಗೆ ಮೊದಲು ಇದೇ ಸಡಗರ. ಚಾಂದ್ರಮಾನದ ಲೆಕ್ಕದಲ್ಲಿ ಅದು ಋತುಗಳ ಮೇಲೆ ಸುತ್ತುತ್ತ ಹೋಗುತ್ತದೆ ಎಂಬುದೊಂದೇ ವ್ಯತ್ಯಾಸ. ಜಪಾನಿನಲ್ಲಿ ಡಿಸೆಂಬರ್ 13ರಂದು ಮನೆ, ದೇಗುಲಗಳ ಮಸಿ ಗುಡಿಸುವ ಸಂಪ್ರದಾಯವಿದೆ. ಇರಾನಿನಲ್ಲಿ ನವರೋಜಿಗೆ ಮೊದಲು ಮನೆಯನ್ನೇ ‘ಕೊಡವುತ್ತಾರೆ’. ಆ ಕೆಲಸಕ್ಕೆ ಅವರಿಟ್ಟ ಹೆಸರಿನ ಅರ್ಥವೇ ಅದು.

ಬಿಸಾಡಲು ಮನಸ್ಸು ಬಾರದವರಿಗೂ ಹಳೆಯ ಪದ್ಧತಿ ಒಂದೆರಡು ನೆಪಗಳನ್ನು ಒದಗಿಸಿತ್ತು. ಸೂತಕ ಕಳೆದಾಗ, ಗ್ರಹಣ ಬಿಟ್ಟಾಗ ಮಣ್ಣಿನ ಗಡಿಗೆಗಳು ಹೊರಗೆ ಹೋಗುತ್ತಿದ್ದವು. ಅದಕ್ಕೆ ಶಾಸ್ತ್ರದ ಕಾರಣವಿತ್ತು; ಆದರೆ ಹಳೆಯ ಜಿಡ್ಡುಗಟ್ಟಿದ ಗಡಿಗೆ ಹೋಗಿ ಹೊಸತು ಬರುವ ಲಾಭವೂ ಅದರೊಡನೆಯೇ ಬರುತ್ತಿತ್ತು. ಕಂಚು-ತಾಮ್ರ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಅವನ್ನು ಬೂದಿ, ಹುಣಸೆಹುಳಿ, ತೆಂಗಿನ ನಾರು ಹಾಕಿ ತಿಕ್ಕುವುದು, ಒಳಗೆ ಹಸಿರು ಬಂದರೆ ಕಲಾಯಿಯವರು ಊರಿಗೆ ಬರುವುದನ್ನು ಕಾಯುವುದು, ಒಡೆದರೆ ಕರಗಿಸಲು ಕೊಡುವುದು. ಈ ಕರಗಿಸುವ ವಹಿವಾಟು ಕರಾವಳಿಯಲ್ಲಿ ಎಷ್ಟು ಹಳೆಯದೆಂದರೆ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಂಚಿನ ಕಾರ್ಖಾನೆಗೆ ಕಡಲಾಚೆಯ ಏಡನ್ನಿನಿಂದ ಗೃಹಸ್ಥರು ತಮ್ಮ ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಇಂಥಿಂಥ ಆಕಾರದ ಹೊಸ ಪಾತ್ರೆ ಮಾಡಿಕೊಡಿ ಎಂದು ಬರೆಯುತ್ತಿದ್ದರು.

ಆ ಪತ್ರಗಳು ಇಂದಿಗೂ ಉಳಿದದ್ದು ಹೇಗೆ? ಒಂದು ಅಟ್ಟವನ್ನು ಯಾರೂ ಇಳಿಸದೆ ಬಿಟ್ಟದ್ದರಿಂದ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದು ಎಂಬುದು ಯಹೂದಿಗಳ ಕಟ್ಟಳೆ. ಹಳೆಯ ಕೈರೋದ ಬೆನ್ ಎಜ್ರಾ ಎಂಬ ಪ್ರಾರ್ಥನಾ ಮಂದಿರದ ಒಂದು ಕೋಣೆಯೊಳಗೆ ಅವರು ನೂರಾರು ವರ್ಷ ಕಾಗದ ತುಂಬುತ್ತಲೇ ಹೋದರು. ವ್ಯಾಪಾರದ ಚೀಟಿ, ಮದುವೆಯ ಕರಾರು, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲವೂ ಅದರೊಳಗೆ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎಣಿಸಿದಾಗ ಎರಡು ಲಕ್ಷದ ಆಸುಪಾಸು ತುಣುಕುಗಳು. ಕಾಳುಮೆಣಸಿನ ಕರಾವಳಿಯ ವ್ಯಾಪಾರದ ಬಗ್ಗೆ ಇಂದು ಗೊತ್ತಿರುವ ಎಷ್ಟೋ ಸಂಗತಿಗಳು ಆ ಕಸದಿಂದ ಬಂದವು. ಅಮಿತಾವ್ ಘೋಷ್ ಅವರು ಬೆನ್ ಯಿಜುವಿನ ಜಾಡು ಹಿಡಿದು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಗೇರುಸೊಪ್ಪದ ಅಟ್ಟದಲ್ಲಿ ಏನೇನಿರುತ್ತದೆ? ಮೇಲ್ಪದರದಲ್ಲಿ ಇತ್ತೀಚಿನವು: ಹಳೆಯ ಮಿಕ್ಸಿಯ ಪೆಟ್ಟಿಗೆ, ಟೀವಿಯ ಥರ್ಮೋಕೋಲು, ಮಗುವಿನ ಸೈಕಲ್ಲು. ಅದರ ಕೆಳಗೆ ತೋಟದ ಸಾಮಾನು: ಕೊಳೆರೋಗಕ್ಕೆ ಮದ್ದು ಹೊಡೆಯುತ್ತಿದ್ದ ಹಳೆಯ ಪಂಪು, ಅಡಿಕೆ ಗೊನೆಗೆ ಕಟ್ಟುತ್ತಿದ್ದ ಕೊಟ್ಟೆಗಳು. ಇನ್ನೂ ಒಳಕ್ಕೆ ಹೋದರೆ ಒಂದು ಮರದ ಪೆಟ್ಟಿಗೆ. ಅದರೊಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟು ಇರಬಹುದು. ಪಂಚಾಂಗ, ಮದ್ದಿನ ಲೆಕ್ಕ, ಯಕ್ಷಗಾನ ಪ್ರಸಂಗ ಏನೂ ಆಗಿರಬಹುದು. ಅಥವಾ ಬರೀ ಕಂದಾಯದ ರಸೀತಿ, ಗೇಣಿ ಚೀಟಿ, ಅಂಗಡಿಯ ಲೆಕ್ಕದ ಕಡತ. ಗುಡಿಸುವವರಿಗೆ ಎರಡೂ ಒಂದೇ. ಇಲಿಯ ಹಿಕ್ಕೆ, ಧೂಳು, ಕೆಮ್ಮು.

ಓಲೆಗರಿಯ ಕಥೆ ಹಲವರಿಗೆ ಗೊತ್ತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ತಂದುಕೊಟ್ಟ ಕಟ್ಟೊಂದು ಮೈಸೂರಿನ ಓರಿಯಂಟಲ್ ಲೈಬ್ರರಿ ಸೇರಿ, ಆರ್. ಶಾಮಶಾಸ್ತ್ರಿಗಳ ಕೈಗೆ ಬಿದ್ದು, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಾಗಿ ಅಚ್ಚಾಯಿತು. ಆ ಪಂಡಿತರ ಮನೆಯಲ್ಲಿ ಯಾರಾದರೂ ಹುರುಪಿನಿಂದ ಅಟ್ಟ ಗುಡಿಸಿದ್ದರೆ? ತಮಿಳಿನ ಉ.ವೇ. ಸ್ವಾಮಿನಾಥ ಅಯ್ಯರ್ ಅವರು ಗ್ರಂಥಗಳನ್ನು ಹುಡುಕುತ್ತ ಊರೂರು ತಿರುಗಿದಾಗ, ಹಳೆಯ ಓಲೆಗಳನ್ನು ಆಡಿ ಹದಿನೆಂಟರ ದಿನ ಹೊಳೆಗೆ ಬಿಟ್ಟ, ಶಾಸ್ತ್ರೋಕ್ತವಾಗಿ ಅಗ್ನಿಗೆ ಹಾಕಿದ ಸಂಗತಿಗಳನ್ನು ಕೇಳಬೇಕಾಯಿತು. ಅದನ್ನು ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ಬರೆದಿದ್ದಾರೆ. ಘಟ್ಟದ ಮೇಲೆ ಕೆಳದಿ ಗುಂಡಾ ಜೋಯಿಸರು ಮನೆಮನೆಯ ಇಂಥ ಕಡತ, ಓಲೆಗಳನ್ನು ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. 2003ರಲ್ಲಿ ಕೇಂದ್ರ ಸರಕಾರ ಹಸ್ತಪ್ರತಿಗಳಿಗಾಗಿಯೇ ಒಂದು ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಆದರೂ ಹಳೆಯ ಮನೆ ಕೆಡವಿ ತಾರಸಿ ಹಾಕಿಸುವ ಅವಸರದಲ್ಲಿ ಪೆಟ್ಟಿಗೆಯ ಕಡೆ ಲಕ್ಷ್ಯ ಕೊಡುವವರು ಕಡಿಮೆ.

ಓಲೆಗರಿಗಿಂತ ಗೇಣಿ ಚೀಟಿಯ ಕಥೆ ಜನರ ಬದುಕಿಗೆ ಹತ್ತಿರದ್ದು. ಉತ್ತರ ಕನ್ನಡ ಗೇಣಿ ಪದ್ಧತಿ ಬಹಳವಾಗಿ ಬೇರುಬಿಟ್ಟಿದ್ದ ಜಿಲ್ಲೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ, ಉಳುವವನಿಗೆ ಭೂಮಿಯ ಒಡೆತನ ಕೇಳುವ ಹಕ್ಕು ಕೊಟ್ಟಿತು. ಗೇಣಿದಾರರು ‘ಫಾರಂ ನಂಬರ್ 7’ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಒಡೆಯರು ಒಪ್ಪದಿದ್ದಾಗ ಪ್ರಶ್ನೆ ಒಂದೇ: ಉಳುತ್ತಿದ್ದೆ ಎಂಬುದಕ್ಕೆ ಏನು ಆಧಾರ? ಪಹಣಿಯಲ್ಲಿ ಹೆಸರಿದ್ದವರು ಸರಿ. ಇಲ್ಲದವರಿಗೆ, ಅಕ್ಕಿಮುಡಿ ಅಳೆದುಕೊಟ್ಟಾಗ ಒಡೆಯರ ಮನೆಯಿಂದ ಬಂದ ಒಂದು ತುಂಡು ಚೀಟಿಯೇ ಬಲ. ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ, ತಂದೆಯ ಕಾಲದ, ಗೆದ್ದಲು ಅಂಚು ತಿಂದ ಚೀಟಿ ಅಂದು ಎಕರೆಗಳ ಬೆಲೆಯದಾಯಿತು.

ಅದು ಮುಗಿದ ಕಥೆಯಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ತಾವು ಸಾಗುವಳಿ ಮಾಡುವ ನೆಲದ ಮೇಲೆ ಹಕ್ಕು ಪಡೆಯಬೇಕಾದರೆ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ತಮ್ಮ ವಂಶದವರು ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಕಾಡಿನಂಚಿನ ಅತಿಕ್ರಮಣ ಸಾಗುವಳಿ ಇಂದಿಗೂ ಬಿಸಿಯಾಗಿರುವ ಈ ಜಿಲ್ಲೆಯಲ್ಲಿ, ಆ ಆಧಾರ ಸಾಲದೆ ತಿರಸ್ಕೃತವಾದ ಅರ್ಜಿಗಳು ಸಾವಿರಾರು. ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ, ಮನೆ-ಬಾವಿಗಳ ಕುರುಹನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ, ನಿಜ. ಆದರೆ ಕಚೇರಿಯ ಮೇಜಿನ ಮುಂದೆ ಕಾಗದಕ್ಕಿರುವ ತೂಕ ಅಜ್ಜನ ಮಾತಿಗಿಲ್ಲ. ಅಜ್ಜನ ಕಾಲದ ದಂಡದ ರಸೀತಿಯನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದ ಮನೆಯವರು ಅದನ್ನು ಈಗ ನೆನೆದು ಏನು ಮಾಡಿಯಾರು?

ಹೀಗಾಗಿ ಎಲ್ಲವನ್ನೂ ಎಸೆದು ಹಗುರಾಗಿ ಎಂಬ ಹೊಸ ಪುಸ್ತಕಗಳ ಉಪದೇಶವನ್ನು ಈ ಭಾಗದ ಮನೆಗಳು ಸ್ವಲ್ಪ ಅನುಮಾನದಿಂದ ಕೇಳುವುದು ಸಹಜ. ಮಾರಿ ಕೊಂಡೊ ಅವರ ಕ್ರಮದಲ್ಲಿ ಮೊದಲು ಬಟ್ಟೆ, ಆಮೇಲೆ ಪುಸ್ತಕ, ಆಮೇಲೆ ಕಾಗದಪತ್ರ, ಮತ್ತೆ ಇತರ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಇಲ್ಲಿ ಕಾಗದಕ್ಕೂ ನೆನಪಿಗೂ ಗೆರೆ ಎಳೆಯುವುದು ಸುಲಭವಲ್ಲ. ಕಾಗದವನ್ನು ಕೊನೆಗಿಟ್ಟುಕೊಂಡು, ಓದಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸು. ಮೋಡಿ ಅಕ್ಷರದ ಕಡತವಾದರೆ ಊರಿನಲ್ಲಿ ಓದುವವರೇ ಸಿಕ್ಕಲಿಕ್ಕಿಲ್ಲ. ಓದಲು ಬಾರದ್ದು ಬೇಡದ್ದು ಎಂದೇನೂ ಅಲ್ಲ.

ಆದರೆ ಅಟ್ಟದಲ್ಲಿ ಇಂದು ತುಂಬಿರುವುದರಲ್ಲಿ ಕಾಗದದ ಪಾಲು ಎಷ್ಟು? ಸಗಣಿಯ ನೆಲ ಹೋಗಿ ಮೊದಲು ಸಿಮೆಂಟು, ಕಾವಿಬಣ್ಣದ ಗಾರೆ ಬಂತು, ಆಮೇಲೆ ಟೈಲ್ಸ್. ಎಂಟು ದಿನಕ್ಕೊಮ್ಮೆ ಬರಿದು ಮಾಡಬೇಕಾದ ಅಗತ್ಯ ತಪ್ಪಿದೊಡನೆ ನೆಲದ ಮೇಲೆ ಕುರ್ಚಿ, ಕಪಾಟು, ಕಪಾಟಿನ ಅಡಿಗೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚೀಲ ಬಂದು ಕೂತವು. ಮುಂಬೈ, ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ತಂದ ಸಾಮಾನಿನ ಡಬ್ಬಿಗಳನ್ನು ಎಸೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಹಿಂದೆ ಹೊರಹಾಕಿದ್ದೆಲ್ಲ ಗೊಬ್ಬರಗುಂಡಿ ಸೇರಿ ಮರುವರ್ಷ ತೋಟಕ್ಕೆ ಬೀಳುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ನೆಲ ಒರೆಸುವ ಬಟ್ಟೆ. ಪ್ಲಾಸ್ಟಿಕ್ ಕೊಡಕ್ಕೆ ಇಂಥ ಮರುಜನ್ಮಗಳಿಲ್ಲ. 2016ರಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತಾದರೂ ಮನೆಗೆ ಬಂದು ಸೇರುವುದು ನಿಂತಿಲ್ಲ. ಕೊನೆಗೆ ಅದೂ ಬಚ್ಚಲೊಲೆಗೇ ಹೋಗುತ್ತದೆ. ಆ ವಿಷದ ಹೊಗೆಯನ್ನು ಕುಡಿಯುವವರು ಬೆಳಿಗ್ಗೆ ಬೇಗ ಎದ್ದು ನೀರಿಗೆ ಬೆಂಕಿ ಹಾಕುವ ಹೆಂಗಸರು, ಸುತ್ತ ಕೂತು ಮೈ ಕಾಸುವ ಮಕ್ಕಳು.

ಹೆಂಗಸರ ಮಾತು ಬಂದದ್ದರಿಂದ ದೆಲ್ಲಾ ವಾಲ್ಲೆ ಕೇಳದೆ ಬಿಟ್ಟ ಪ್ರಶ್ನೆಗೆ ಬರಬಹುದು. 2019ರಲ್ಲಿ ಕೇಂದ್ರ ಸರಕಾರದ ಅಂಕಿಅಂಶ ಕಚೇರಿ ದೇಶದಾದ್ಯಂತ ಜನರ ಸಮಯದ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೂ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹೀಗೆ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ, ಗಂಡಸರು 97 ನಿಮಿಷ. ಹೆಂಗಸರ ಲೆಕ್ಕ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ನೆಲಕ್ಕೆ ಟೈಲ್ಸ್ ಬಂದು, ಒಲೆಗೆ ಗ್ಯಾಸು ಬಂದು, ಅರೆಯುವ ಕಲ್ಲು ಅಂಗಳ ಸೇರಿದ ಮೇಲಿನ ಲೆಕ್ಕ ಇದು. ಕೂಡುಕುಟುಂಬದಲ್ಲಿ ನಾಲ್ಕು ಮಂದಿ ಅತ್ತಿಗೆ-ನಾದಿನಿಯರು ಹಂಚಿಕೊಳ್ಳುತ್ತಿದ್ದ ಅಟ್ಟ ಈಗ ಒಬ್ಬಳದು. ಮಕ್ಕಳು ಬೆಂಗಳೂರಿನಲ್ಲಿ, ಊರಿನಲ್ಲಿ ಎಪ್ಪತ್ತರ ಗಂಡ, ಅರವತ್ತೈದರ ಹೆಂಡತಿ, ಹದಿನಾಲ್ಕು ಅಂಕಣದ ಮನೆ. ಏಣಿ ಹತ್ತಬೇಡವೆಂದು ಡಾಕ್ಟರರು ಹೇಳಿರುತ್ತಾರೆ. ಅಟ್ಟದ ವಸ್ತುಗಳಲ್ಲಿ ಯಾವುದನ್ನು ಎಸೆಯಬಹುದೆಂದು ತೀರ್ಮಾನಿಸುವ ಅಧಿಕಾರ ಮಾತ್ರ ಅನೇಕ ಮನೆಗಳಲ್ಲಿ ಕೆಳಗೆ ಆರಾಮಕುರ್ಚಿಯಲ್ಲಿ ಕೂತವರ ಕೈಯಲ್ಲಿದೆ; ‘ಇರಲಿ, ಬೇಕಾಗ್ತದೆ’ ಎಂಬ ಒಂದು ಮಾತಿಗೆ ತಳ ಹೋದ ಹಂಡೆ ಇನ್ನೊಂದು ವರ್ಷದ ಆಯುಷ್ಯ ಪಡೆಯುತ್ತದೆ.

ಕೆಲವು ಮನೆಗಳಲ್ಲಿ ಇದೂ ಬದಲಾಗಿದೆ. ಹಬ್ಬಕ್ಕೆ ಒಂದು ದಿನ ಮುಂಚೆ ಬರುತ್ತಿದ್ದ ಮಕ್ಕಳು, ಎರಡು ದಿನ ಮೊದಲೇ ರಜೆ ಹಾಕಿ ಬಂದು ಏಣಿ ಹತ್ತುತ್ತಾರೆ. ಹಳೆಯ ಕಾಗದಗಳ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟು, ಮೂಲವನ್ನು ಬೇವಿನೆಲೆ ಹಾಕಿ ಮತ್ತೆ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಗುಜರಿಯವನ ಗಾಡಿ ರಸ್ತೆಯಲ್ಲಿ ನಿಂತಿರುತ್ತದೆ. ಚೌಕಾಸಿ ಮುಗಿಯುವಷ್ಟರಲ್ಲಿ ಅಮ್ಮ ಒಂದೆರಡು ತಾಮ್ರದ ಸಾಮಾನುಗಳನ್ನು ತೂಕದ ತಟ್ಟೆಯಿಂದ ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಿರುತ್ತಾಳೆ.

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹುಣಸೆಹುಳಿಯಲ್ಲಿ ತಿಕ್ಕಿ ಬೆಳಗಿದ ಹಂಡೆಯ ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಾರೆ. ಬಳ್ಳಿ ಹುಡುಕಿ ತರುವುದು ಮಕ್ಕಳ ಕೆಲಸ. ಸೋಲಾರ್ ಹಾಕಿಸಿದ ಮನೆಗಳಲ್ಲಿ ಆ ಒಂದು ದಿನಕ್ಕೆಂದೇ ಹಂಡೆ ಅಟ್ಟದಿಂದ ಇಳಿಯುತ್ತದೆ, ಹಬ್ಬ ಕಳೆದ ಮೇಲೆ ತಿರುಗಿ ಹತ್ತುತ್ತದೆ.